ಕತ್ತಲೆಯಲ್ಲಿ ಒಂದೊಂದೇ ಹಾಳೆ

ಬಿಡಿ ಹಾಳೆಗಳಾಗಿ ಬರುವ ಕಟ್ ಫಿಲ್ಮ್ ತೊಳೆಯುವುದಕ್ಕೆ ಬೇಕಾದದ್ದು ಬೆಳಕು ನುಸುಳದ ಒಂದು ಬಚ್ಚಲುಮನೆ, ನಾಲ್ಕು ಪ್ಲಾಸ್ಟಿಕ್ ಟ್ರೇ, ನಂಬಬಹುದಾದ ಒಂದು ಥರ್ಮಾಮೀಟರ್, ಕತ್ತಲೆಯಲ್ಲೂ ಟಿಕ್ ಟಿಕ್ ಎಂದು ಕೇಳಿಸುವ ಒಂದು ಗಡಿಯಾರ. ಆದರೂ ದೊಡ್ಡ ಕ್ಯಾಮೆರಾ ಕೊಂಡ ಹುಡುಗರು ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ, "ಇದನ್ನ ಎಲ್ಲೆ ತೊಳಸೂದ್ರಿ?" ಎಂದೇ. ಸಾಮಾನ್ಯ ರೋಲ್ ತೊಳೆಯುವ ಸ್ಟುಡಿಯೋ ಸಿಗುವುದೇ ಈಗ ಕಷ್ಟ. 4x5 ಅಂಗುಲದ ಬಿಡಿ ಹಾಳೆಯನ್ನು ತೊಳೆದುಕೊಡುವವರು ನಮ್ಮ ಧಾರವಾಡದಲ್ಲಂತೂ ನನಗೆ ಸಿಕ್ಕಿಲ್ಲ. ಅಂಚೆಯಲ್ಲಿ ದೂರದ ಊರಿಗೆ ಕಳಿಸಿ, ವಾರಗಟ್ಟಲೆ ಕಾದು, ಬಂದದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಮನೆಯಲ್ಲೇ ತೊಳೆಯಿರಿ ಎಂದು ಅವರಿಗೆ ಹೇಳುತ್ತೇನೆ.

ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ ನನ್ನ ನೌಕರಿ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದವನು. ಎಕ್ಸ್‌ರೇ ಫಿಲ್ಮ್ ಎಂದರೆ ಕಟ್ ಫಿಲ್ಮೇ. 8x10, 10x12, 12x15, ಎದೆಯ ಚಿತ್ರಕ್ಕೆ 14x17 ಅಂಗುಲ. ರೋಗಿಯನ್ನು ನಿಲ್ಲಿಸಿ ಎಕ್ಸ್‌ರೇ ಹೊಡೆದ ಮೇಲೆ ಕ್ಯಾಸೆಟ್ ಹಿಡಿದು ಡಾರ್ಕ್ ರೂಮಿಗೆ ಹೋಗಿ, ಮಂದವಾದ ಕೆಂಪು ದೀಪದಲ್ಲಿ ಹಾಳೆಯನ್ನು ಸ್ಟೀಲ್ ಹ್ಯಾಂಗರಿಗೆ ಸಿಕ್ಕಿಸಿ, ಡೆವಲಪರ್ ಟ್ಯಾಂಕಿನಲ್ಲಿ ಇಳಿಬಿಡುವುದು ನನ್ನ ದಿನನಿತ್ಯದ ಕೆಲಸ. ಡೆವಲಪರು 20 ಡಿಗ್ರಿ ಇದ್ದರೆ 5 ನಿಮಿಷ. ಆಮೇಲೆ ನೀರಿನಲ್ಲಿ ಜಾಲಾಡಿಸಿ, ಚಿತ್ರವನ್ನು ನೆಲೆಗೊಳಿಸುವ ಹೈಪೋಗೆ, ಅಲ್ಲಿಂದ ಹರಿಯುವ ನೀರಿಗೆ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮುಗಳನ್ನು ಈ ಕೈಯಲ್ಲೇ ತೊಳೆದಿದ್ದೇನೆ. ಆ ಕಾರ್ಖಾನೆ ಈಗ ಮುಚ್ಚಿದೆ. ಆಸ್ಪತ್ರೆಗೆ ಡಿಜಿಟಲ್ ಯಂತ್ರ ಬಂದ ಮೇಲೆ ನಮ್ಮ ಡಾರ್ಕ್ ರೂಮು ಸಾಮಾನು ತುಂಬುವ ಕೋಣೆಯಾಯಿತು. ನಿವೃತ್ತಿಯಾದ ಮೇಲೆ ಹಳೆಯದೊಂದು 4x5 ಮರದ ಕ್ಯಾಮೆರಾ ಕೊಂಡೆ. ಮನೆಯ ಬಚ್ಚಲು ಡಾರ್ಕ್ ರೂಮಾಯಿತು. ಕೈಗೆ ಹಳೆಯ ಕೆಲಸ ಮರಳಿ ಸಿಕ್ಕಿತು.

ರೋಲ್ ಫಿಲ್ಮಿನಲ್ಲಿ 36 ಚಿತ್ರಗಳಿದ್ದರೆ ಮೂವತ್ತಾರಕ್ಕೂ ಒಂದೇ ನೀರು, ಒಂದೇ ಸಮಯ. ಬೆಳಗಿನ ಮಂಜಿನಲ್ಲಿ ತೆಗೆದದ್ದೂ ಮಧ್ಯಾಹ್ನದ ಉರಿಬಿಸಿಲಿನಲ್ಲಿ ತೆಗೆದದ್ದೂ ಒಟ್ಟಿಗೇ ತೊಳೆಯಬೇಕು. ಕಟ್ ಫಿಲ್ಮಿನಲ್ಲಿ ಒಂದು ಹಾಳೆಗೆ ಒಂದೇ ಚಿತ್ರ. ಅದನ್ನು ಅದಕ್ಕೆ ಬೇಕಾದ ಹಾಗೆ, ಅದೊಂದನ್ನೇ ತೊಳೆಯಬಹುದು. ಉಣಕಲ್ ಕೆರೆಯ ದಂಡೆಯಲ್ಲಿ ಮೋಡ ಮುಚ್ಚಿದ ದಿನ ತೆಗೆದ ಹಾಳೆ ಸಪ್ಪೆಯಾಗಿ ಬರುತ್ತದೆ. ಅದಕ್ಕೆ ಒಂದೆರಡು ನಿಮಿಷ ಹೆಚ್ಚು ಕೊಟ್ಟರೆ ಕಪ್ಪು–ಬಿಳುಪಿನ ಅಂತರ ಹಿಗ್ಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಸುಣ್ಣ ಬಳಿದ ಗೋಡೆ, ಅದರ ನೆರಳಿನಲ್ಲಿ ಕೂತ ಮುದುಕಿ ಇರುವ ಹಾಳೆಗೆ ಸಮಯ ಕಡಿಮೆ ಮಾಡಿದರೆ ಗೋಡೆಯ ಮೈ ಉಳಿಯುತ್ತದೆ. ನೆರಳಿಗೆ ಬೇಕಾದ ಬೆಳಕನ್ನು ಮಾತ್ರ ಕ್ಯಾಮೆರಾದಲ್ಲೇ ಕೊಟ್ಟಿರಬೇಕು. ಅಲ್ಲಿ ಬೀಳದ್ದನ್ನು ಯಾವ ಡೆವಲಪರೂ ತಂದುಕೊಡಲಾರದು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್, ತನ್ನ ಸಹೋದ್ಯೋಗಿ ಫ್ರೆಡ್ ಆರ್ಚರ್ ಜೊತೆ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಪದ್ಧತಿಯ ತಿರುಳು ಇದೇ. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಏರುತ್ತಿದ್ದಾಗ ಅವನಿಗೆ 8x10ರ ಒಂದೇ ಹಾಳೆ ದಕ್ಕಿತು. ಎರಡನೆಯದನ್ನು ತೆಗೆಯುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಜಾರಿಹೋಗಿತ್ತು. ಆ ಒಂದು ಹಾಳೆಯನ್ನು ಅವನು ಡೆವಲಪರಿನಲ್ಲಿ ಅರ್ಧ ನಿಮಿಷ, ಬರೀ ನೀರಿನಲ್ಲಿ ಅಲುಗಿಸದೆ ಎರಡು ನಿಮಿಷ, ಮತ್ತೆ ಡೆವಲಪರು, ಮತ್ತೆ ನೀರು, ಹೀಗೆ ಹತ್ತು ಸುತ್ತು ತೊಳೆದ. ನೀರಿನಲ್ಲಿ ನಿಂತಾಗ ಬೆಳಕು ಜಾಸ್ತಿ ಬಿದ್ದ ಕಡೆ ಹೀರಿಕೊಂಡ ಡೆವಲಪರು ಬೇಗ ಖರ್ಚಾಗಿ ಕೆಲಸ ನಿಲ್ಲುತ್ತದೆ. ನೆರಳಿನ ಕಡೆ ನಿಧಾನವಾಗಿ ನಡೆದೇ ಇರುತ್ತದೆ. ರೋಲಿನ ನಡುವಿನ ಒಂದು ಚಿತ್ರಕ್ಕೆ ಇಂಥ ಆರೈಕೆ ಸಾಧ್ಯವಿಲ್ಲ.

ಫಿಲ್ಮಿನೊಳಗೆ ಏನಾಗುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪಾಲಿಯೆಸ್ಟರ್ ಹಾಳೆಯ ಒಂದು ಮೈಗೆ ಜೆಲಾಟಿನ್ನಿನಲ್ಲಿ ಬೆರೆಸಿದ ಬೆಳ್ಳಿ ಲವಣದ ಲೇಪ ಇರುತ್ತದೆ. ಇದೇ ಎಮಲ್ಷನ್. ಬೆಳಕು ಬಿದ್ದ ಕಣಗಳನ್ನು ಡೆವಲಪರು ಕಪ್ಪು ಬೆಳ್ಳಿಯಾಗಿಸುತ್ತದೆ. ಹುಳಿ ನೀರು ಡೆವಲಪರಿನ ಕೆಲಸವನ್ನು ಅಲ್ಲೇ ತಡೆಯುತ್ತದೆ. ಬೆಳಕು ಬೀಳದೆ ಉಳಿದ ಲವಣವನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಹೈಪೋ ಬೆಳ್ಳಿ ಲವಣವನ್ನು ಕರಗಿಸುತ್ತದೆ ಎಂಬುದನ್ನು 1819ರಲ್ಲೇ ಕಂಡುಕೊಂಡವನು ವಿಜ್ಞಾನಿ ಜಾನ್ ಹರ್ಷೆಲ್, ಫೋಟೋಗ್ರಫಿ ಬಳಕೆಗೆ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲು. ಕೊನೆಗೆ ನೀರು. ಹಾಗಾಗಿ ಟ್ರೇಗಳು ನಾಲ್ಕು: ನೆನೆಸುವ ನೀರು, ಡೆವಲಪರು, ಹುಳಿ ನೀರು, ಹೈಪೋ. ಹುಳಿ ನೀರಿಗೆ ಅಂಗಡಿಯ ಬಿಳಿ ವಿನೆಗರ್ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿದರೆ ಆಯಿತು.

ಕತ್ತಲೆ ಮಾತ್ರ ಪೂರ್ತಿ ಕತ್ತಲೆಯಾಗಿರಬೇಕು. ಆಸ್ಪತ್ರೆಯ ಕೆಂಪು ದೀಪ ಇಲ್ಲಿ ನಡೆಯುವುದಿಲ್ಲ. ಎಚ್‌ಪಿ5, ಎಫ್‌ಪಿ4, ಟ್ರೈ–ಎಕ್ಸ್, ಫೋಮಾಪ್ಯಾನ್, ಇವೆಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮುಗಳು, ಕೆಂಪನ್ನೂ ಕಾಣುತ್ತವೆ. ಬಚ್ಚಲ ಬಾಗಿಲು ಹಾಕಿ, ದೀಪ ಆರಿಸಿ, ಹತ್ತು ನಿಮಿಷ ಸುಮ್ಮನೆ ಕೂತು ನೋಡಬೇಕು. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಬಾಗಿಲ ಕೆಳಗಿನ ಸಂದು, ಗವಾಕ್ಷಿಯ ಅಂಚು, ಗೀಸರಿನ ಚುಕ್ಕೆ ದೀಪ, ವಾಷಿಂಗ್ ಮಷೀನಿನ ಅಂಕಿ, ಒಂದೊಂದೇ ಕಾಣತೊಡಗುತ್ತವೆ. ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕುತ್ತೇನೆ. ಗವಾಕ್ಷಿಗೆ ಕಪ್ಪು ಪಾಲಿಥೀನ್ ಎರಡು ಪದರ. ಮೊಬೈಲು ಮತ್ತು ಹೊಳೆಯುವ ಮುಳ್ಳಿನ ಕೈಗಡಿಯಾರ ಎರಡೂ ಹೊರಗೆ. ರಾತ್ರಿ ಊಟವಾದ ಮೇಲೆ ಕೆಲಸ ಶುರು ಮಾಡಿದರೆ ಅರ್ಧ ತೊಂದರೆ ಇರುವುದೇ ಇಲ್ಲ. ಹಬ್ಬದ ದಿನ ಮನೆ ತುಂಬ ನೆಂಟರಿದ್ದಾಗ ಈ ಕೆಲಸ ಹಚ್ಚಿಕೊಳ್ಳಬಾರದು.

ಪಕ್ಕದ ಮನೆಯ ಹುಡುಗ ಚಿತ್ರಕಲೆ ಓದುತ್ತಾನೆ. ಭಾನುವಾರ ನನ್ನ ಹತ್ತಿರ ಬಂದು ಕಲಿಯುತ್ತಾನೆ. ಅವನ ಮೊದಲ ಗಾಬರಿ ಎಲ್ಲರದೂ ಹೌದು.

"ಕಾಕಾ, ಕತ್ತಲದಾಗ ಎಮಲ್ಷನ್ ಯಾವ ಕಡೆ ಅದ ಅಂತ ಹೆಂಗ ತಿಳೀಬೇಕು?"

"ಕಚ್ಚು ಹುಡುಕಪಾ. ಮೂಲಿಯೊಳಗ ಬೆರಳು ಆಡಸು."

ಹಾಳೆಯ ಒಂದು ಮೂಲೆಯ ಹತ್ತಿರ, ಗಿಡ್ಡ ಅಂಚಿನಲ್ಲಿ, ಕಾರ್ಖಾನೆಯವರು ಸಣ್ಣ ಕಚ್ಚುಗಳನ್ನು ಕೊರೆದಿರುತ್ತಾರೆ. ಒಂದೊಂದು ಫಿಲ್ಮಿಗೂ ಕಚ್ಚಿನ ಆಕಾರ, ಲೆಕ್ಕ ಬೇರೆ. ಬೆರಳಿನಲ್ಲೇ ಇದು ಯಾವ ಫಿಲ್ಮ್ ಎಂದು ಓದಿಕೊಳ್ಳಬಹುದು. ಹಾಳೆಯನ್ನು ಉದ್ದವಾಗಿ ಎದುರಿಗೆ ಹಿಡಿದು ಕಚ್ಚು ಮೇಲಿನ ಬಲಮೂಲೆಗೆ ಬಂದರೆ ಎಮಲ್ಷನ್ ಮೈ ನಿಮ್ಮ ಕಡೆಗಿದೆ. ಇದೊಂದನ್ನು ಕೈಗೆ ಕಲಿಸಿದರೆ ಸಾಕು, ಕ್ಯಾಮೆರಾಕ್ಕೆ ಸಿಕ್ಕಿಸುವ ಹೋಲ್ಡರಿಗೆ ತುಂಬುವಾಗಲೂ ಟ್ರೇಗೆ ಇಳಿಸುವಾಗಲೂ ಅನುಮಾನವೇ ಬರುವುದಿಲ್ಲ. ಹುಡುಗನ ಕೈಗೆ ಒಂದು ಕೆಟ್ಟ ಹಾಳೆ ಕೊಟ್ಟು, ಹಗಲಿನಲ್ಲಿ ಕಣ್ಣು ಮುಚ್ಚಿಸಿ, ಹೋಲ್ಡರಿಗೆ ತುಂಬಿಸಿ ತೆಗೆಸಿದೆ, ಮತ್ತೆ ಮತ್ತೆ. ಹೋಲ್ಡರಿನ ಮುಚ್ಚಳದ ಹಿಡಿ ಒಂದು ಮೈ ಬಿಳಿ, ಇನ್ನೊಂದು ಕಪ್ಪು. ಬಿಳಿ ಹೊರಗಿದ್ದರೆ ಹೊಸ ಹಾಳೆ, ಕಪ್ಪು ಹೊರಗಿದ್ದರೆ ಚಿತ್ರ ತೆಗೆದಾಗಿದೆ. ಬಿಳಿ ಮೈಯಲ್ಲಿ ಉಬ್ಬು ಚುಕ್ಕೆಗಳೋ ಗೆರೆಗಳೋ ಇರುತ್ತವೆ, ಅದೂ ಕತ್ತಲೆಯ ಬೆರಳಿಗಾಗಿಯೇ.

ಇನ್ನು ತೊಳೆಯುವ ವಿಧಾನ. ಹಲವು ಇವೆ. ನಾನು ಮೊದಲ ಸ್ಥಾನ ಕೊಡುವುದು ಟ್ರೇಗೆ. ಅತಿ ಹಳೆಯದು, ಅತಿ ಅಗ್ಗದ್ದು, ಕೈಗೆ ಎಲ್ಲವನ್ನೂ ಕಲಿಸುವಂಥದ್ದು. 4x5 ಹಾಳೆಗೆ 8x10ರ ಟ್ರೇ ಬಳಸುತ್ತೇನೆ. ಒಂದು ಲೀಟರ್ ಹಾಕಿದರೆ ಎರಡು ಬೆರಳು ಆಳ ನಿಲ್ಲುತ್ತದೆ. ಎಡದಿಂದ ಬಲಕ್ಕೆ ಸಾಲಾಗಿ ನಾಲ್ಕು ಟ್ರೇ, ಎಂದಿಗೂ ಅದೇ ಕ್ರಮ. ತಟ್ಟನೆ ಎದ್ದು ಕೈ ಚಾಚಿದರೂ ಹೈಪೋ ಎಲ್ಲಿದೆ ಎಂದು ಕೈಗೆ ಗೊತ್ತಿರಬೇಕು. ಉಗುರು ಕತ್ತರಿಸಿಕೊಂಡು, ಉಂಗುರ ತೆಗೆದಿಟ್ಟು, ತೆಳ್ಳನೆಯ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳುತ್ತೇನೆ. ಡೆವಲಪರಿನಲ್ಲಿರುವ ಮೆಟಾಲ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಮ್ಮೆ ಅಲರ್ಜಿ ಹಿಡಿದರೆ ಜನ್ಮಕ್ಕೆ ಬಿಡುವುದಿಲ್ಲ. ಆಸ್ಪತ್ರೆಯ ಡಾರ್ಕ್ ರೂಮಿನಲ್ಲಿ ಬೆರಳ ಸಂದು ಸೀಳಿಕೊಂಡ ಸಹೋದ್ಯೋಗಿಗಳನ್ನು ನೋಡಿದ್ದೇನೆ.

ಮೊದಲು ಒಣ ಹಾಳೆಗಳನ್ನು ಒಂದೊಂದಾಗಿ ಬರೀ ನೀರಿಗೆ ಇಳಿಸಬೇಕು. ಒಂದರ ಮೇಲೊಂದು ಒಟ್ಟಿಗೆ ಹಾಕಿದರೆ ಎಮಲ್ಷನ್ ಅಂಟಿಕೊಂಡು ಬಿಡಿಸಲಾಗದಂತೆ ಆಗುತ್ತದೆ. ಒಂದನ್ನು ಪೂರ್ತಿ ಮುಳುಗಿಸಿ, ಹತ್ತು ಎಣಿಸಿ, ಮುಂದಿನದು. ಎಮಲ್ಷನ್ ಮೈ ಮೇಲೋ ಕೆಳಗೋ ಎಂಬ ವಾದ ಹಳೆಯದು. ನಾನು ಕೆಳಗೆ ಮಾಡುತ್ತೇನೆ, ಯಾಕೆಂದರೆ ಮೇಲಿನ ಹಾಳೆಯ ಚೂಪು ಮೂಲೆ ಕೆಳಗಿನದನ್ನು ತಾಗಿದರೂ ಬೆನ್ನನ್ನೇ ತಾಗುತ್ತದೆ. ಮೊದಲನೆಯ ಹಾಳೆಯನ್ನು ಮಾತ್ರ ಹಿಂದುಮುಂದು ತಿರುಗಿಸಿ, ಕಚ್ಚು ಎದುರು ದಿಕ್ಕಿಗೆ ಬರುವಂತೆ ಇಡುತ್ತೇನೆ. ಕತ್ತಲೆಯಲ್ಲಿ ಆ ಕಚ್ಚು ಬೆರಳಿಗೆ ಸಿಕ್ಕಿತೆಂದರೆ ಒಂದು ಸುತ್ತು ಮುಗಿಯಿತು ಎಂದು ಲೆಕ್ಕ.

ಎರಡು ನಿಮಿಷ ನೆನೆದ ಮೇಲೆ ಅದೇ ಕ್ರಮದಲ್ಲಿ ಡೆವಲಪರಿಗೆ. ಈಗ ಇಸ್ಪೀಟ್ ಎಲೆಗಳನ್ನು ನಿಧಾನವಾಗಿ ಕಲೆಸುವ ಹಾಗೆ, ಎಲ್ಲಕ್ಕಿಂತ ಕೆಳಗಿನ ಹಾಳೆಯನ್ನು ಗಿಡ್ಡ ಅಂಚು ಹಿಡಿದು ಮೆಲ್ಲಗೆ ಎಳೆದು, ಡೆವಲಪರಿನಿಂದ ಪೂರ್ತಿ ಎತ್ತಿ, ಮೇಲೆ ಸಮವಾಗಿ ಹಾಸಿ, ಬೆರಳ ತುದಿಯಿಂದ ಒತ್ತಿ ಮುಳುಗಿಸಬೇಕು. ಆರು ಹಾಳೆಗಳಿದ್ದರೆ ಐದು ಸೆಕೆಂಡಿಗೆ ಒಂದು. ಅರ್ಧ ನಿಮಿಷಕ್ಕೆ ಒಂದು ಸುತ್ತು. ಹಾಳೆಯನ್ನು ಓರೆಯಾಗಿ ಬಿಡಬಾರದು, ಮೂಲೆ ಚುಚ್ಚುತ್ತದೆ. ನೆನೆದ ಜೆಲಾಟಿನ್ ಉಬ್ಬಿ ಮೆತ್ತಗಾಗಿರುತ್ತದೆ. ಆಗ ಬಿದ್ದ ಗೀರು ಆಕಾಶದ ನಡುವೆ ಕಪ್ಪು ಎಳೆಯಾಗಿ ಪ್ರಿಂಟಿನಲ್ಲಿ ಉಳಿದುಬಿಡುತ್ತದೆ. ಹೊಸಬರು ಒಂದು ಹಾಳೆಯಿಂದ ಶುರು ಮಾಡಲಿ. ಒಂದೇ ಹಾಳೆಯಾದರೆ ಎಮಲ್ಷನ್ ಮೇಲ್ಮುಖವಾಗಿಟ್ಟು ಟ್ರೇಯ ಒಂದೊಂದು ಬದಿಯನ್ನೂ ಸರದಿಯ ಮೇಲೆ ಎತ್ತಿ ಇಳಿಸಿದರೆ ಸಾಕು. ಅಲೆ ಒಂದೇ ದಿಕ್ಕಿನಲ್ಲಿ ಹರಿಯದ ಹಾಗೆ ನೋಡಿಕೊಳ್ಳಬೇಕು. ಎರಡಾದ ಮೇಲೆ ನಾಲ್ಕು, ಆಮೇಲೆ ಆರು. ನಾನು ಆರರ ಮೇಲೆ ಹೋಗುವುದಿಲ್ಲ.

ಪುಸ್ತಕಗಳು ಹೇಳುವುದಕ್ಕೂ ನಮ್ಮ ಬಚ್ಚಲಿಗೂ ದೊಡ್ಡ ವ್ಯತ್ಯಾಸ ಇರುವುದು ಬಿಸಿಯಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೆಟ್ಟ ನೆಗೆಟಿವ್ ತೋರಿಸಿ ಕಾರಣ ಕೇಳುವವರಲ್ಲಿ ಹೆಚ್ಚಿನವರು ಥರ್ಮಾಮೀಟರನ್ನೇ ನೋಡಿರುವುದಿಲ್ಲ. ಎಲ್ಲ ಕಂಪನಿಗಳ ಚಾರ್ಟುಗಳೂ 20 ಡಿಗ್ರಿ ಸೆಲ್ಸಿಯಸ್ಸಿಗೆ ಬರೆದವು. ಧಾರವಾಡ ತಂಪಾದ ಊರೆಂದು ಹೆಸರು, ಆದರೂ ಡಿಸೆಂಬರ್ ಬೆಳಗಿನಲ್ಲಿ ಬಿಟ್ಟರೆ ನನ್ನ ನಲ್ಲಿಯಲ್ಲಿ 20 ಡಿಗ್ರಿ ನೀರು ಬರುವುದಿಲ್ಲ. ಏಪ್ರಿಲಿನಲ್ಲಿ ಮಾಳಿಗೆಯ ಟಾಂಕಿಯ ನೀರು 30 ದಾಟಿರುತ್ತದೆ. ಡೆವಲಪರು ಬಿಸಿಯಾದಷ್ಟೂ ಬೇಗ ಕೆಲಸ ಮಾಡುತ್ತದೆ. ಫಿಲ್ಮ್ ಕಂಪನಿ ಇಲ್‌ಫೋರ್ಡಿನವರ ಲೆಕ್ಕದಲ್ಲಿ 20 ಡಿಗ್ರಿಗೆ 4 ನಿಮಿಷ ಬೇಕಾದದ್ದಕ್ಕೆ 23ರಲ್ಲಿ 3 ನಿಮಿಷ ಸಾಕು. ಎಚ್‌ಪಿ5 ಫಿಲ್ಮಿಗೆ ನೀರು ಬೆರೆಸದ ಐಡಿ–11 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಅದನ್ನು 27 ಡಿಗ್ರಿಯಲ್ಲಿ ತೊಳೆಯಲು ಹೋದರೆ ನಾಲ್ಕು ನಿಮಿಷಕ್ಕೂ ಕಡಿಮೆ. ಅಷ್ಟು ಕಡಿಮೆ ಸಮಯದಲ್ಲಿ ಆರು ಹಾಳೆಗಳನ್ನು ಸಮನಾಗಿ ಕಲೆಸುವುದು ಆಗದ ಕೆಲಸ. ಮೊದಲು ಇಳಿದದ್ದಕ್ಕೂ ಕೊನೆಗೆ ಇಳಿದದ್ದಕ್ಕೂ ವ್ಯತ್ಯಾಸ ಬರುತ್ತದೆ, ಆಕಾಶದಲ್ಲಿ ಪಟ್ಟೆ ಬೀಳುತ್ತದೆ.

ಉಪಾಯ ಎರಡು, ಎರಡನ್ನೂ ಒಟ್ಟಿಗೇ ಮಾಡುತ್ತೇನೆ. ಒಂದು, ಡೆವಲಪರಿಗೆ ಸಮ ನೀರು ಬೆರೆಸುವುದು. ಆಗ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 13 ನಿಮಿಷ, ಎಫ್‌ಪಿ4ಗೆ 11 ನಿಮಿಷ. ಎಫ್‌ಪಿ4ರ ಆ ಹನ್ನೊಂದು 24 ಡಿಗ್ರಿಗೆ ಸುಮಾರು ಏಳೂವರೆಯಾಗುತ್ತದೆ, ಕೈಗೆ ಆರಾಮ. ಇನ್ನೊಂದು, 20ಕ್ಕೆ ಇಳಿಸುವ ಹಟ ಬಿಟ್ಟು ವರ್ಷವಿಡೀ 24 ಡಿಗ್ರಿಗೆ ಕಟ್ಟುಬೀಳುವುದು. ಅಷ್ಟನ್ನು ನಮ್ಮ ಮನೆಗಳಲ್ಲಿ ಸಾಧಿಸಬಹುದು. ಬಟ್ಟೆ ನೆನೆಸುವ ದೊಡ್ಡ ಬೇಸಿನ್ನಿನಲ್ಲಿ ನೀರು ತುಂಬಿ, ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿ ಅದರಲ್ಲಿ ಮುಳುಗಿಸಿ, ಡೆವಲಪರಿನ ಟ್ರೇಯನ್ನು ಅದರ ಮೇಲೆ ಇಡುತ್ತೇನೆ. ಐಸನ್ನು ಡೆವಲಪರಿಗೇ ಹಾಕಬಾರದು, ಅದರ ಹದ ಕೆಡುತ್ತದೆ. ನೆನೆಸುವ ನೀರು, ಹುಳಿ ನೀರು, ಹೈಪೋ, ಕೊನೆಯ ತೊಳೆಯುವ ನೀರು, ಎಲ್ಲವೂ ಒಂದೆರಡು ಡಿಗ್ರಿಯ ಒಳಗೇ ಇರಬೇಕು. ತಣ್ಣನೆಯ ಡೆವಲಪರಿನಿಂದ ತೆಗೆದು ಟಾಂಕಿಯ ಬಿಸಿನೀರಿಗೆ ಹಾಕಿದರೆ ಜೆಲಾಟಿನ್ ಒಮ್ಮೆಗೇ ಉಬ್ಬಿ, ಸುಕ್ಕು ಬಿದ್ದು, ಚಿತ್ರದ ತುಂಬ ಸಣ್ಣ ಬಲೆ ಎದ್ದುಬಿಡುತ್ತದೆ. ಅದಕ್ಕೆ ಮದ್ದಿಲ್ಲ. ಬೇಸಿಗೆಯಲ್ಲಿ ಹಿಂದಿನ ರಾತ್ರಿಯೇ ನಾಲ್ಕು ಕೊಡ ನೀರು ಹಿಡಿದು ಬಚ್ಚಲಲ್ಲಿ ಇಟ್ಟಿರುತ್ತೇನೆ, ಮಣ್ಣಿನ ಕೊಡವಾದರೆ ಇನ್ನೂ ಒಳ್ಳೆಯದು.

ಡೆವಲಪರು ಯಾವುದು ಎಂದು ಚಿಂತೆ ಬೇಡ. ಕೊಡಕ್ಕಿನ ಡಿ–76 ಸೂತ್ರ 1920ರ ದಶಕದ್ದು, ಇಲ್‌ಫೋರ್ಡಿನ ಐಡಿ–11 ಅದರ ಜೊತೆಗಾರ. ಪೊಟ್ಟಣ ಸಿಗದಾಗ ನಾನೇ ತೂಗಿ ಬೆರೆಸುತ್ತೇನೆ: ಸುಮಾರು 50 ಡಿಗ್ರಿಯ ಮುಕ್ಕಾಲು ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ನೀರಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಈ ಕ್ರಮದಲ್ಲೇ, ಒಂದು ಕರಗಿದ ಮೇಲೆ ಇನ್ನೊಂದು, ಕೊನೆಗೆ ನೀರು ಸೇರಿಸಿ ಒಂದು ಲೀಟರ್. ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಳ್ಳಬೇಕು. ಅಡುಗೆಯ ಚಮಚ, ಪಾತ್ರೆ ಇಲ್ಲಿಗೆ ಬರಬಾರದು, ಇಲ್ಲಿಯದು ಅಡುಗೆಮನೆಗೆ ಹೋಗಬಾರದು. ನಮ್ಮ ಮನೆಯಲ್ಲಿ ಇದರ ಬಾಟಲಿಗಳೆಲ್ಲ ಕೆಂಪು ಟೇಪು ಸುತ್ತಿ, ಬೀಗದ ಕಪಾಟಿನಲ್ಲಿರುತ್ತವೆ. ಅಪರೂಪಕ್ಕೊಮ್ಮೆ ತೊಳೆಯುವವರಿಗೆ ರೋಡಿನಾಲ್ ಅನುಕೂಲ. 1891ರಲ್ಲಿ ಬಂದದ್ದು, ಗಟ್ಟಿ ದ್ರಾವಣ ವರ್ಷಗಟ್ಟಲೆ ಕೆಡುವುದಿಲ್ಲ, ಬೇಕಾದಷ್ಟನ್ನು ಸಿರಿಂಜಿನಲ್ಲಿ ಎಳೆದುಕೊಂಡು ಐವತ್ತು ಪಾಲು ನೀರು ಬೆರೆಸಿದರೆ ಆಯಿತು. ನಾಲ್ಕು 4x5 ಹಾಳೆ ಸೇರಿದರೆ ಒಂದು 8x10, ಅಂದರೆ 36 ಚಿತ್ರದ ಒಂದು ರೋಲಿನಷ್ಟೇ ವಿಸ್ತಾರ. ಔಷಧಿಯ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಬಚ್ಚಲನ್ನು ಕತ್ತಲೆ ಮಾಡಲಾಗದವರಿಗೆ ಟ್ಯಾಂಕು ಇದೆ. ತೋಳಿರುವ ಕಪ್ಪು ಚೀಲದೊಳಗೆ ಕೈ ಹಾಕಿ ಫಿಲ್ಮ್ ತುಂಬಿ, ಮುಚ್ಚಳ ಬಿಗಿದ ಮೇಲೆ ಎಲ್ಲ ಕೆಲಸ ಬೆಳಕಿನಲ್ಲೇ. ರೋಲ್ ತೊಳೆಯುವ ಸಾಮಾನ್ಯ ಪ್ಯಾಟರ್ಸನ್ ಟ್ಯಾಂಕಿನೊಳಗೇ ಹಾಳೆಯನ್ನು ಎಮಲ್ಷನ್ ಒಳಮುಖವಾಗಿ ಬಾಗಿಸಿ, ತಲೆಗೂದಲಿಗೆ ಹಾಕುವ ರಬ್ಬರ್ ಬ್ಯಾಂಡು ಸಡಿಲವಾಗಿ ತೊಡಿಸಿ, ನಾಲ್ಕು ಹಾಳೆ ನಿಲ್ಲಿಸುವವರಿದ್ದಾರೆ. ಖರ್ಚಿಲ್ಲದ ಉಪಾಯ, ಆದರೆ ಹಾಳೆಯ ಬೆನ್ನಿನ ಕಡೆಯ ಬಣ್ಣ ಕೆಲವೊಮ್ಮೆ ಪೂರ್ತಿ ಹೋಗುವುದಿಲ್ಲ, ಆಮೇಲೆ ಟ್ರೇನಲ್ಲಿ ಇನ್ನೊಮ್ಮೆ ತೊಳೆದರೆ ಹೋಗುತ್ತದೆ. ಅದೇ ಟ್ಯಾಂಕಿಗೆ ಮೋಡ್54 ಎಂಬ ಚೌಕಟ್ಟು ಬರುತ್ತದೆ, ಆರು ಹಾಳೆಗೆ ಒಂದು ಲೀಟರ್. ಎಸ್‌ಪಿ–445 ಎಂಬ ಚಪ್ಪಟೆ ಟ್ಯಾಂಕು ಅರ್ಧ ಲೀಟರಿಗಿಂತ ಕಡಿಮೆಯಲ್ಲಿ ನಾಲ್ಕು ಹಾಳೆ ಮುಗಿಸುತ್ತದೆ. ಜೋಬೋ ಕಂಪನಿಯ ಉರುಳುವ ಡ್ರಮ್ಮು ಇವೆಲ್ಲಕ್ಕಿಂತ ಸಮನಾಗಿ ತೊಳೆಯುತ್ತದೆ, ಬೆಲೆಯೂ ಹಾಗೆಯೇ. ನನ್ನ ಹತ್ತಿರ ಆಸ್ಪತ್ರೆಯ ಕಾಲದ ಅಭ್ಯಾಸದ ಹ್ಯಾಂಗರುಗಳೂ ಇವೆ. ಎತ್ತಿ, ಒಂದು ಮೂಲೆಗೆ ಓರೆ ಮಾಡಿ ಸೋರಿಸಿ, ಮತ್ತೆ ಇಳಿಸಿ, ಮುಂದಿನ ಸಲ ಇನ್ನೊಂದು ಮೂಲೆಗೆ. ಹತ್ತಾರು ಹಾಳೆ ಇದ್ದಾಗ ಒಳ್ಳೆಯದು. ಟ್ಯಾಂಕು ತುಂಬುವಷ್ಟು ಔಷಧಿ ಬೇಕಾದ್ದರಿಂದ ಎರಡು ಹಾಳೆಗೆ ಅದು ದಂಡ.

ಎಕ್ಸ್‌ರೇ ಫಿಲ್ಮಿನ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಇಲ್‌ಫೋರ್ಡ್, ಕೊಡಕ್ಕಿನ 8x10 ಹಾಳೆಯ ಬೆಲೆ ವಿದ್ಯಾರ್ಥಿಯ ಕೈಗೆ ಎಟುಕುವಂಥದ್ದಲ್ಲ. ಅದೇ ಅಳತೆಯ ಎಕ್ಸ್‌ರೇ ಹಾಳೆ ಅದರ ಸಣ್ಣದೊಂದು ಪಾಲಿನ ಬೆಲೆಗೆ ವೈದ್ಯಕೀಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಕೆಂಪು ಕಾಣುವುದಿಲ್ಲ. ನೀಲಿ ಮತ್ತು ಹಸಿರು ಮಾತ್ರ. ಆದ್ದರಿಂದ ಕೆಂಪು ದೀಪ ಹಚ್ಚಿಕೊಂಡು, ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತಾ ತೊಳೆಯಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಪಕ್ಕದ ಮನೆಯ ಹುಡುಗ ಮೊದಲ ಸಲ ನೋಡಿದಾಗ, ಹಾಲಿನ ಬಣ್ಣದ ಹಾಳೆಯ ಮೇಲೆ ಮೊದಲು ಆಕಾಶ ಕಪ್ಪಾಯಿತು, ಆಮೇಲೆ ಗೋಡೆ, ಕೊನೆಗೆ ಮರದ ಕೆಳಗಿನ ನೆರಳಿನಲ್ಲಿ ಸೈಕಲ್ಲಿನ ಚಕ್ರ ಮೆಲ್ಲಗೆ ಬಂತು. "ಕಾಕಾ, ನೆರಳು ಕಡೀಕ ಬರ್ತದಲಾ!" ಎಂದ. ಅಷ್ಟು ತಿಳಿದರೆ ಸಮಯ ಹೆಚ್ಚು ಕೊಟ್ಟಾಗ ಏನಾಗುತ್ತದೆ, ಕಡಿಮೆ ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಬೇರೆ ಹೇಳಿಕೊಡಬೇಕಿಲ್ಲ. ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ತನ್ನ 8x10 ಹಾಳೆಗಳನ್ನು ಪೈರೋ ಡೆವಲಪರಿನಲ್ಲಿ, ಅತಿ ಮಂದವಾದ ಹಸಿರು ದೀಪದಲ್ಲಿ ಕ್ಷಣ ಮಾತ್ರ ನೋಡಿ ಅಂದಾಜು ಮಾಡಿ ತೊಳೆಯುತ್ತಿದ್ದ. 1930ರ ಅವನ ದೊಣ್ಣೆಮೆಣಸಿನಕಾಯಿಯ ಚಿತ್ರ ನೋಡಿದವರಿಗೆ ಆ ಕಣ್ಣಿನ ಅಂದಾಜು ಎಂಥದ್ದೆಂದು ಗೊತ್ತು.

ಎಕ್ಸ್‌ರೇ ಫಿಲ್ಮಿಗೆ ಎರಡೂ ಮೈಗೆ ಎಮಲ್ಷನ್ ಇರುತ್ತದೆ. ಕ್ಯಾಸೆಟ್ಟಿನೊಳಗೆ ಎರಡು ಕಡೆಯಿಂದಲೂ ಹೊಳೆಯುವ ಪರದೆ ಒತ್ತುವುದರಿಂದ ಹಾಗೆ ಮಾಡಿದ್ದಾರೆ. ಫೋಟೋಗೆ ಇದು ತೊಡಕು, ಏಕೆಂದರೆ ಮೇಲೂ ಕೆಳಗೂ ಎರಡೂ ಕಡೆ ಗೀರು ಬೀಳುತ್ತದೆ. ಟ್ರೇಯ ತಳದಲ್ಲಿರುವ ಉಬ್ಬುಗೆರೆಗಳೇ ಶತ್ರು. ಅಂಚು ಉಜ್ಜಿಸಿದ ಗಾಜಿನ ಹಲಗೆಯೊಂದನ್ನು ಟ್ರೇಯ ತಳಕ್ಕೆ ಹಾಸಿ, ಒಂದು ಸಲಕ್ಕೆ ಒಂದೇ ಹಾಳೆ ತೊಳೆದರೆ ಗೀರು ನಿಲ್ಲುತ್ತದೆ. ಬಿಸಿಲಿನಲ್ಲಿ ನಾನು ಇದನ್ನು ಐಎಸ್‌ಒ 80 ಎಂದು ಹಿಡಿದು ಚಿತ್ರ ತೆಗೆಯುತ್ತೇನೆ, ರೋಡಿನಾಲನ್ನು ನೂರು ಪಾಲು ನೀರಿಗೆ ಬೆರೆಸಿ ತೊಳೆಯುತ್ತೇನೆ. ಹದಕ್ಕೆ ಬಂದದ್ದು ಕಣ್ಣಿಗೇ ಕಾಣುತ್ತದೆ. ಕೆಂಪು ಕಾಣದ್ದರಿಂದ ಕುಂಕುಮ, ಕೆಂಪು ಸೀರೆ, ತುಟಿ ಎಲ್ಲ ಕಪ್ಪಾಗುತ್ತವೆ, ನಮ್ಮ ಮೈಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಮುಖದ ಗೆರೆಗಳು ಎದ್ದು ನಿಲ್ಲುತ್ತವೆ. ವಯಸ್ಸಾದ ಮುಖಗಳಿಗೆ ಇದು ನನಗೆ ತುಂಬ ಇಷ್ಟ.

ಹೈಪೋದಲ್ಲಿ ಎಷ್ಟು ಹೊತ್ತು ಎಂಬುದಕ್ಕೆ ಒಂದು ಸರಳ ಪರೀಕ್ಷೆ. ಕೆಟ್ಟ ಫಿಲ್ಮಿನ ಚೂರೊಂದನ್ನು ಬೆಳಕಿನಲ್ಲೇ ಹೈಪೋಗೆ ಹಾಕಿ, ಅದರ ಹಾಲು ಬಣ್ಣ ಹೋಗಿ ಪಾರದರ್ಶಕವಾಗಲು ಎಷ್ಟು ಸಮಯ ಬೇಕೆಂದು ನೋಡಿ. ಅದರ ಎರಡರಷ್ಟು ಹೊತ್ತು ನಿಮ್ಮ ಹಾಳೆ ಅಲ್ಲಿರಲಿ. ಹೊಸ ಹೈಪೋದಲ್ಲಿ ತೆಗೆದುಕೊಂಡ ಸಮಯ ಬಾಟಲಿಯ ಮೇಲೆ ಬರೆದಿಡಿ. ಅದು ಎರಡರಷ್ಟಾದ ದಿನ ಆ ಹೈಪೋ ಮುಗಿಯಿತು. ಇಲ್ಲಿ ಜಿಪುಣತನ ಮಾಡಿದ ನೆಗೆಟಿವುಗಳು ವರ್ಷಗಳ ಮೇಲೆ ಹಳದಿ ತಿರುಗುತ್ತವೆ. ಆಸ್ಪತ್ರೆಯ ಹಳೆಯ ಕಡತಗಳಲ್ಲಿ ಅಂಥ ಎದೆಗೂಡುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ತೊಳೆತ. ನಲ್ಲಿ ಬಿಟ್ಟು ಗಂಟೆಗಟ್ಟಲೆ ನೀರು ಹರಿಸುವ ಹಳೆಯ ಪದ್ಧತಿ ನೀರಿಗೆ ಒದ್ದಾಡುವ ನಮ್ಮ ಊರಿಗೆ ಹೊಂದುವುದಿಲ್ಲ. ಟ್ಯಾಂಕಾದರೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಇಲ್‌ಫೋರ್ಡ್ ಹೇಳಿಕೊಟ್ಟ ಈ ಕ್ರಮದಲ್ಲಿ ಮೂರು ಸಲ ತುಂಬಿದ ನೀರಿನಲ್ಲೇ ಕೆಲಸ ಮುಗಿಯುತ್ತದೆ. ಟ್ರೇಯಲ್ಲಿ ನಾನು ಆರು ಸಲ ನೀರು ಬದಲಿಸುತ್ತೇನೆ, ಪ್ರತಿಸಲ ಎರಡೆರಡು ನಿಮಿಷ ಅಲುಗಾಡಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ನೀರು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರಲಿ, ಅದಕ್ಕೆ ವೆಟಿಂಗ್ ಏಜೆಂಟಿನ ಒಂದೆರಡು ಹನಿ. ಒಂದು ಮೂಲೆಗೆ ಕ್ಲಿಪ್ಪು ಹಾಕಿ ಬಚ್ಚಲ ತಂತಿಗೆ ನೇತುಹಾಕುತ್ತೇನೆ, ನೀರು ಎದುರು ಮೂಲೆಯಿಂದ ಸೋರಿಹೋಗುತ್ತದೆ. ಬೆರಳಿನಿಂದ ಒರೆಸುವುದು ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ರಾತ್ರಿಯಿಡೀ ಬಿಟ್ಟರೂ ಒಣಗುವುದಿಲ್ಲ. ಆಗ ಫ್ಯಾನ್ ಹಾಕುವ ಆಸೆಯಾಗುತ್ತದೆ. ಹಾಕಬಾರದು, ಧೂಳೆಲ್ಲ ಬಂದು ಮೆತ್ತಿಕೊಳ್ಳುತ್ತದೆ. ನೇತುಹಾಕುವ ಮೊದಲು ಬಚ್ಚಲಲ್ಲಿ ಬಿಸಿನೀರು ಬಿಟ್ಟು ಆವಿ ಎಬ್ಬಿಸಿದರೆ ಗಾಳಿಯ ಧೂಳು ಇಳಿದು ಕೂರುತ್ತದೆ. ಒಣಗಿದ ಹಾಳೆಯನ್ನು ಕಾಗದದ ಲಕೋಟೆಗೆ ಹಾಕಿ, ಮೇಲೆ ದಿನಾಂಕ, ಫಿಲ್ಮ್, ಡೆವಲಪರ್, ಡಿಗ್ರಿ, ನಿಮಿಷ ಬರೆಯುತ್ತೇನೆ. ಮುಂದಿನ ಸಲ ಸಮಯ ಹೆಚ್ಚಿಸಬೇಕೋ ಇಳಿಸಬೇಕೋ ಎಂದು ನಿರ್ಧರಿಸುವುದು ಆ ಲಕೋಟೆ ನೋಡಿಯೇ. ದೊಡ್ಡ ನೆಗೆಟಿವಿಗೆ ಎನ್‌ಲಾರ್ಜರ್ ಕೂಡ ಬೇಕಿಲ್ಲ. ಫೋಟೋ ಪೇಪರಿನ ಮೇಲೆ ಇಟ್ಟು, ಗಾಜು ಒತ್ತಿ, ಸಾಮಾನ್ಯ ಬಲ್ಬು ಒಂದೆರಡು ಸೆಕೆಂಡು ಹಚ್ಚಿದರೆ ಅದೇ ಅಳತೆಯ ಪ್ರಿಂಟು ಬರುತ್ತದೆ.

ಉಳಿಯುವುದು ಬಳಸಿದ ಹೈಪೋ. ಅದರಲ್ಲಿ ಫಿಲ್ಮಿನಿಂದ ಕರಗಿ ಬಂದ ಬೆಳ್ಳಿ ಇರುತ್ತದೆ. ಅದನ್ನು ಗಿಡದ ಬುಡಕ್ಕೆ, ಬಾವಿಯ ಹತ್ತಿರ, ಸೆಪ್ಟಿಕ್ ಟ್ಯಾಂಕಿಗೆ ಚೆಲ್ಲಬಾರದು; ಕೊಳೆ ಕರಗಿಸುವ ಬ್ಯಾಕ್ಟೀರಿಯಾಗಳನ್ನು ಬೆಳ್ಳಿ ಕೊಲ್ಲುತ್ತದೆ. ಆಸ್ಪತ್ರೆಯಲ್ಲಿದ್ದಾಗ ಹಳೆಯ ಎಕ್ಸ್‌ರೇ ಹಾಳೆಗಳನ್ನೂ ಬಳಸಿದ ಹೈಪೋವನ್ನೂ ಬೆಳ್ಳಿಗಾಗಿ ಕೊಳ್ಳಲು ವ್ಯಾಪಾರಿಗಳು ಬರುತ್ತಿದ್ದರು. ಈಗ ಮನೆಯಲ್ಲಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿಟ್ಟು, ಮೇಲೆ ದೊಡ್ಡ ಅಕ್ಷರದಲ್ಲಿ 'ವಿಷ' ಎಂದು ಬರೆದಿಡುತ್ತೇನೆ. ಎರಡು ಕ್ಯಾನು ತುಂಬಿದಾಗ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಒಯ್ದು ಅಂಥ ವ್ಯಾಪಾರಿಯೊಬ್ಬರಿಗೆ ಕೊಟ್ಟುಬರುತ್ತೇನೆ.